ತುಂಬಿದ ಕೆರೆ, ಮರೆತ ಬೇಸಿಗೆ

ಏರಿ ಹತ್ತಿದ ನಮ್ಮ ಸೋದರಮಾವ ಮೊದಲು ನೋಡಿದ್ದು ನೀರನ್ನಲ್ಲ, ನೀರೊಳಗೆ ನಿಂತಿದ್ದ ಜಾಲಿ ಮರಗಳನ್ನು. "ಎಲ್ಲಾ ಸತ್ತೋಗವೆ ನೋಡಪ್ಪ" ಅಂದರು. ಎಲೆಯಿಲ್ಲ, ತೊಗಟೆ ಸುಲಿದು ಜೋತಿದೆ, ಕೊಂಬೆಗಳು ಬಿಸಿಲಿಗೆ ಮೂಳೆಯಂತೆ ಬಿಳುಚಿವೆ. ಕರಿಜಾಲಿ ನೀರಿಗೆ ಹೆದರುವ ಮರವಲ್ಲ. ಕೆರೆ ಅಂಗಳದಲ್ಲೇ ಹುಟ್ಟಿ, ಮಳೆಗಾಲದ ಎರಡು ಮೂರು ತಿಂಗಳು ಸೊಂಟದವರೆಗೆ ನೀರಲ್ಲಿ ನಿಂತು, ಬೇಸಿಗೆಗೆ ಮತ್ತೆ ಒಣ ನೆಲ ಕಾಣುವ ಮರ ಅದು. ಹನ್ನೆರಡು ತಿಂಗಳೂ ಮುಳುಗಿಸಿಟ್ಟರೆ ಮಾತ್ರ ಬೇರಿಗೆ ಉಸಿರು ಸಿಗದೆ ಸಾಯುತ್ತದೆ. ಆ ಸತ್ತ ಕೊಂಬೆಗಳ ತುದಿಗೊಂದರಂತೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಅವುಗಳ ಕೆಳಗೆ ಗುಳುಮುಳುಕ, ನಾಮದಕೋಳಿ, ಆಚೆ ಜೊಂಡಿನ ಅಂಚಿನಲ್ಲಿ ನೇರಳೆ ಬಣ್ಣದ ಜಂಬುಕೋಳಿ. ಹತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಈಗ ಆ ಮರವನ್ನೇ ತೋರಿಸಿ ಕೆರೆ ಬದುಕಿತು ಎನ್ನುವವರಿದ್ದಾರೆ, ಕೆರೆ ಕೆಟ್ಟಿತು ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಚಿಕ್ಕಬಳ್ಳಾಪುರದ ಕಡೆ "ವ್ಯಾಲಿ ನೀರು" ಅಂದರೆ ಸಾಕು, ವಿವರಿಸಬೇಕಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ: ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ದಿನಕ್ಕೆ 21 ಕೋಟಿ ಲೀಟರ್ ಲೆಕ್ಕದಲ್ಲಿ ಪೈಪಿನಲ್ಲಿ ಮೇಲೆತ್ತಿ 65 ಕೆರೆ ತುಂಬಿಸುವ ಯೋಜನೆ ಇದು. ಅದರಲ್ಲಿ ಹೆಚ್ಚಿನ ಪಾಲು ಕೆರೆಗಳು ಚಿಕ್ಕಬಳ್ಳಾಪುರ ಜಿಲ್ಲೆಯವು. ಪಟ್ಟಣದ ಅಂಚಿನ ಕಂದವಾರ ಕೆರೆ ಅವುಗಳಲ್ಲಿ ಮುಖ್ಯವಾದದ್ದು. ಇದಕ್ಕಿಂತ ಮೊದಲು ಹುಟ್ಟಿದ ಅಣ್ಣ ಕೋಲಾರದ ಕೆ.ಸಿ. ವ್ಯಾಲಿ, ದಿನಕ್ಕೆ 44 ಕೋಟಿ ಲೀಟರಿನದು. ಕೆರೆ ನೀರನ್ನು ಯಾರೂ ನೇರವಾಗಿ ಹೊಲಕ್ಕೆ ಎತ್ತಬಾರದು, ಅದು ಇಂಗಿ ಬೋರ್‌ವೆಲ್‌ಗೆ ಇಳಿಯಬೇಕು ಎಂಬುದು ಕಾಗದದ ಮೇಲಿನ ಕರಾರು. ಏರಿಯ ಕೆಳಗಿನ ಪೊದೆಗಳಲ್ಲಿ ಗುಡುಗುಡು ಅನ್ನುವ ಪಂಪ್‌ಸೆಟ್‌ಗಳಿಗೆ ಆ ಕಾಗದ ತಲುಪಿದಂತಿಲ್ಲ.

ಮುದ್ದೇನಹಳ್ಳಿ ಇಲ್ಲಿಂದ ಕೂಗಳತೆ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ, ಆಚೆಗೆ ಅವರ ಸಮಾಧಿ, ಹಿಂದೆ ನಂದಿಬೆಟ್ಟದ ಸಾಲು. ಆ ಸಾಲಿನಲ್ಲೇ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ ಅಥವಾ ಹುಟ್ಟುತ್ತಿದ್ದವು. ಇಷ್ಟೊಂದು ನದಿಗಳ ತವರಿನಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಹೆಣ್ಣುಮಕ್ಕಳನ್ನೆಲ್ಲ ಕೊಟ್ಟು ಮನೆ ಖಾಲಿ ಮಾಡಿಕೊಂಡ ಊರು. ವಿಶ್ವೇಶ್ವರಯ್ಯನವರು ಹೊರಗೆ ಹೋಗಿ ಕಾವೇರಿಗೆ ಕಟ್ಟೆ ಕಟ್ಟಿದರು. ಆ ಕಾವೇರಿ ಕನ್ನಂಬಾಡಿ ಇಳಿದು, ಶಿವ ಅಣೆಕಟ್ಟೆಯಲ್ಲಿ ತಿರುಗಿ, ತೊರೆಕಾಡನಹಳ್ಳಿಯಿಂದ ಪಂಪಿನಲ್ಲಿ ಬೆಂಗಳೂರು ಹತ್ತಿ, ಅಲ್ಲಿನ ಬಚ್ಚಲು, ಅಡುಗೆಮನೆ, ಕಕ್ಕಸುಗಳನ್ನೆಲ್ಲ ಸುತ್ತಿ, ಹೆಬ್ಬಾಳದ ತೊಟ್ಟಿಗಳಲ್ಲಿ ತಿರುವಿಸಿಕೊಂಡು ಕೊನೆಗೆ ಅವರ ಹುಟ್ಟೂರಿನ ತಾಲ್ಲೂಕಿಗೆ ಬಂದಿದೆ. ಹೆಬ್ಬಾಳ ಕಣಿವೆಯ ಸಹಜ ಇಳಿಜಾರು ದಕ್ಷಿಣ ಪಿನಾಕಿನಿಯ ಕಡೆಗೆ ಎಂಬುದನ್ನು ನೆನೆದರೆ ಕಥೆ ಇನ್ನೂ ಸುರುಳಿ ಸುತ್ತುತ್ತದೆ: ನಂದಿಯಿಂದ ಇಳಿದ ನದಿಯ ಜಾಡಿಗೆ ಸೇರಬೇಕಾದ ನೀರನ್ನು ಮತ್ತೆ ನಂದಿಯ ಬುಡಕ್ಕೇ ಎತ್ತುತ್ತಿದ್ದೇವೆ.

ಈ ನೀರು ಬೇಕು ಎನ್ನುವವರ ಮಾತನ್ನು ಮೊದಲು ಕೇಳಬೇಕು. ಬಾಯಾರಿದ್ದವರು ಅವರು. ಇಲ್ಲಿ ಮಳೆ ವರ್ಷಕ್ಕೆ ಹೆಚ್ಚುಕಡಿಮೆ 700 ಮಿಲಿಮೀಟರ್. ಅದೂ ಸಿಕ್ಕರೆ ಸಿಕ್ಕಿತು. ಬಾವಿಗಳು ಬತ್ತಿ, ಬೋರ್ ಬಂದು, ಬೋರ್ ಮುನ್ನೂರು ಅಡಿಯಿಂದ ಆರುನೂರಕ್ಕೆ, ಸಾವಿರಕ್ಕೆ, ಸಾವಿರದೈನೂರಕ್ಕೆ ಇಳಿಯಿತು. ಆಳದ ಕಲ್ಲುಬಿರುಕಿನಿಂದ ಬರುವ ನೀರಿನ ಜೊತೆ ಫ್ಲೋರೈಡ್ ಬಂತು. ಕೆಲವೆಡೆ ಯುರೇನಿಯಂ ಕೂಡ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ಏನು ಮಾಡುತ್ತದೆ ಎನ್ನುವುದಕ್ಕೆ ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಮಕ್ಕಳ ಕಂದುಗಟ್ಟಿದ ಹಲ್ಲು ನೋಡಿದರೆ ಸಾಕು. ಶಿಡ್ಲಘಟ್ಟದ ರೇಷ್ಮೆ, ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಹೂವು, ಎಲ್ಲವೂ ಆ ಸಾವಿರದಡಿಯ ಕೊಳವೆಯ ಬಾಯಿಗೆ ತೂಗುಹಾಕಿದ ಬದುಕು. ಒಂದು ಬೋರ್ ಫೇಲಾದರೆ ಒಂದು ಸಂಸಾರದ ಐದು ವರ್ಷದ ದುಡಿಮೆ ಹೋಯಿತು ಅಂತಲೇ ಲೆಕ್ಕ. ನಮ್ಮ ಮಾವನದೇ ನಾಲ್ಕು ಫೇಲಾದ ಬೋರ್‌ಗಳಿವೆ. ಈಗ ಐದನೆಯದರಲ್ಲಿ ಎರಡಿಂಚು ನೀರು. ಕೆರೆಯಿಂದ ಅರ್ಧ ಮೈಲಿಯ ತೋಟ. "ಮಳೆ ಅಂತೀಯೋ, ವ್ಯಾಲಿ ಅಂತೀಯೋ, ನಂಗೆ ನೀರು ಬಂದೈತೆ" ಅನ್ನುವುದು ಅವರ ಮಾತು.

ಅವರದು ಒಂಟಿ ಅನುಭವವಲ್ಲ. ಕೆ.ಸಿ. ವ್ಯಾಲಿ ಹರಿದ ಮೇಲೆ ಕೋಲಾರದ ಕೆರೆಗಳ ಸುತ್ತ ಅಂತರ್ಜಲ ಮೇಲೆ ಬಂದಿದೆ ಎಂದು ಸಣ್ಣ ನೀರಾವರಿ ಇಲಾಖೆಯೂ ಹೇಳಿದೆ, ಇಲಾಖೆಗಾಗಿ ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೂ ಹೇಳಿದೆ. ಬೋರ್ ತೆಗೆಯುವವರನ್ನೂ, ಹಾಲಿನ ಡೇರಿಯ ಮುಂದಿನ ಸಾಲನ್ನೂ ಕೇಳಿದರೆ ಅದೇ ಉತ್ತರ. ಇನ್ನೊಂದು ವಾದ ನನಗೆ ಇದಕ್ಕಿಂತ ತೂಕದ್ದಾಗಿ ಕಾಣುತ್ತದೆ. ಈ ನೀರು ಬೇಡವಾದರೆ ಯಾವ ನೀರು? 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾಯಿತು. ಸಕಲೇಶಪುರದ ಕಾಡಿನ ಹೊಳೆಗಳಿಂದ 24 ಟಿಎಂಸಿ ಎತ್ತಿ ಪೂರ್ವಕ್ಕೆ ಹರಿಸುತ್ತೇವೆ ಎಂಬ ಭರವಸೆ. ಮೊದಲ ಹಂತದ ಪಂಪ್ ಚಾಲೂ ಆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕಾಗಿ ಘಟ್ಟದಲ್ಲಿ ಅಗೆದ ಗುಡ್ಡಗಳ, ನೇತ್ರಾವತಿಗೆ ಇಳಿಯಬೇಕಾದ ನೀರಿನ ಲೆಕ್ಕ ಹಾಕಿದರೆ, ಹೇಗೂ ಹೊಲಸಾಗಿ ಹರಿದುಹೋಗುತ್ತಿದ್ದ ನಗರದ ನೀರನ್ನು ತೊಳೆದು ಬಳಸುವುದು ಯಾವ ಕಾಡನ್ನೂ ಕಡಿಯದ ದಾರಿ. ಘಟ್ಟದ ಮೇಲೆ ಪ್ರೀತಿ ಇರುವವರು ವ್ಯಾಲಿ ನೀರನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇನ್ನು ಬೇಡ ಎನ್ನುವವರು. ಅವರು ನೀರಿನ ವಿರೋಧಿಗಳಲ್ಲ, ಅವರಲ್ಲಿ ಹೆಚ್ಚಿನವರು ನೀರಿಗಾಗಿಯೇ ಬೀದಿಗಿಳಿದವರು. 2016ರ ಮಾರ್ಚ್‌ನಲ್ಲಿ ಈ ಕಡೆಯಿಂದ ಟ್ರ್ಯಾಕ್ಟರ್‌ಗಳು ಬೆಂಗಳೂರಿನತ್ತ ಹೊರಟದ್ದು ಶಾಶ್ವತ ನೀರಾವರಿ ಬೇಕು ಅಂತಲೇ. ಆ ಹೋರಾಟ ನಡೆಸಿದ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರೇ ಮುಂದೆ ಕೆ.ಸಿ. ವ್ಯಾಲಿ ನೀರಿನ ಗುಣಮಟ್ಟದ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ನೀರು ಬಿಟ್ಟು ಪೂಜೆ ಮಾಡಿದವರು ಮುಂದಿನ ತಿಂಗಳೇ ಅಲ್ಲಿ ನೊರೆ ಕಂಡರು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ಟಿ.ವಿ.ಯಲ್ಲಿ ನೋಡಿದ್ದವರಿಗೆ ಆ ಬಿಳಿ ಗುಡ್ಡೆಯ ಗುರುತು ಹತ್ತಲು ಹೊತ್ತು ಬೇಕಾಗಲಿಲ್ಲ. ಹೈಕೋರ್ಟ್ ತಡೆ ಕೊಟ್ಟಿತು, ಕೆಲವು ತಿಂಗಳಿಗೆ ಸಡಿಲಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಅದೂ ತೆರವಾಯಿತು. ನೀರು ಮತ್ತೆ ಹರಿಯಿತು. ಪ್ರಶ್ನೆ ಮಾತ್ರ ಅಲ್ಲೇ ನಿಂತಿದೆ.

ಆ ಪ್ರಶ್ನೆ ಮೂರನೇ ಹಂತದ್ದು. ಮೊದಲ ಹಂತದಲ್ಲಿ ಕೊಳಚೆಯ ಗಷ್ಟು ಕೆಳಗಿಳಿಯುತ್ತದೆ. ಎರಡನೆಯದರಲ್ಲಿ ಗಾಳಿ ಊದಿ, ಸೂಕ್ಷ್ಮಜೀವಿಗಳಿಗೆ ಹೊಲಸನ್ನು ತಿನ್ನಿಸಲಾಗುತ್ತದೆ. ನೀರು ನೋಡಲು ತಿಳಿಯಾಗುತ್ತದೆ, ವಾಸನೆ ಇಳಿಯುತ್ತದೆ. ಆದರೆ ಸೋಪು, ಡಿಟರ್ಜೆಂಟಿನ ರಂಜಕ, ಮೂತ್ರದ ಸಾರಜನಕ, ಕಾರ್ಖಾನೆಯವರು ಕದ್ದು ಬಿಟ್ಟ ಲೋಹ, ಮಾತ್ರೆಗಳ ಉಳಿಕೆ ಇವೆಲ್ಲ ಪೂರ್ತಿ ಹೋಗುವುದಿಲ್ಲ. ಅವನ್ನು ಹಿಡಿಯಲು ಮೂರನೇ ಹಂತ ಬೇಕು, ಅದಕ್ಕೆ ದುಡ್ಡು ಬೇಕು. ವಿಜ್ಞಾನ ಸಂಸ್ಥೆಯಲ್ಲೇ ಕೆರೆಗಳ ಅಧ್ಯಯನ ಮಾಡಿಕೊಂಡು ಬಂದ ಟಿ.ವಿ. ರಾಮಚಂದ್ರ ಅವರಂಥವರು ಎಚ್ಚರಿಸಿದ್ದು ಇದನ್ನೇ. ಒಂದೇ ಸಂಸ್ಥೆಯ ಎರಡು ಕೋಣೆಗಳಿಂದ ಎರಡು ಮಾತು ಬಂದಿತಲ್ಲ ಎಂದು ಜನ ಗೊಂದಲಪಟ್ಟರು. ಗೊಂದಲಪಡುವುದೇನೂ ಇಲ್ಲ: ಒಬ್ಬರು ನೀರು ಎಷ್ಟು ಮೇಲೆ ಬಂತು ಎಂದು ಅಳೆದರು, ಇನ್ನೊಬ್ಬರು ಬಂದ ನೀರಲ್ಲಿ ಏನಿದೆ ಎಂದು ನೋಡಿದರು.

ಪರವಾದಿಗಳು ಇಲ್ಲಿ ಮಣ್ಣಿನ ಹೆಸರು ಹೇಳುತ್ತಾರೆ. ನೆಲವೇ ದೊಡ್ಡ ಸೋಸುಗ, ಇಂಗುವಾಗ ಎಲ್ಲಾ ಉಳಿದುಹೋಗುತ್ತದೆ ಎಂದು. ಮುದ್ದೇನಹಳ್ಳಿಯ ಮಗನ ಸಾಕ್ಷಿಯನ್ನೂ ಇದಕ್ಕೆ ಕರೆಯಬಹುದು. ಬಾಂಬೆ ಪ್ರಾಂತ್ಯದಲ್ಲಿ ನೌಕರಿಗಿದ್ದಾಗ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರು ಕೊಡುವ ಕೆಲಸ ವಿಶ್ವೇಶ್ವರಯ್ಯನವರಿಗೆ ಬಂತು. ಸಿಂಧೂ ನದಿಯ ರಾಡಿ ನೀರನ್ನು ಸೋಸುವ ತೊಟ್ಟಿ ಕಟ್ಟಲು ಪಟ್ಟಣದ ಬಳಿ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ಬಂದ ತಿಳಿನೀರನ್ನೇ ಪಂಪಿಗೆ ಕೊಟ್ಟರು. ಸೊಗಸಾದ ಉಪಾಯ. ಆದರೆ ಅದು ಕೆಸರಿಗೆ ಮಾಡಿದ ಉಪಾಯ, ಡಿಟರ್ಜೆಂಟಿಗಲ್ಲ. ಅಷ್ಟೇ ಅಲ್ಲ, ಅಲ್ಲಿ ಮರಳಿತ್ತು. ನಮ್ಮ ಪಿನಾಕಿನಿ, ಚಿತ್ರಾವತಿಗಳ ಮರಳು ಲಾರಿ ಹತ್ತಿ ಬೆಂಗಳೂರಿನ ತಾರಸಿಯಾಗಿದೆ. ಮರಳು ಮುಗಿದ ಮೇಲೆ ಕೆರೆ, ಗೋಮಾಳಗಳ ಮಣ್ಣನ್ನೇ ತೊಳೆದು "ಫಿಲ್ಟರ್ ಮರಳು" ಮಾಡಿದರು. ಸೋಸುವ ನೆಲವನ್ನು ಊರಿಗೂರೇ ಮಾರಿಕೊಂಡು ಈಗ ನೆಲ ಸೋಸುತ್ತದೆ ಎನ್ನುವುದು, ಏನು ಹೇಳಲಿ, ಸ್ವಲ್ಪ ಮುಖ ತಿರುಗಿಸಿಕೊಂಡು ಹೇಳಬೇಕಾದ ಮಾತು. ಕಗ್ಗಲ್ಲಿನ ಬಿರುಕಿಗೆ ಕೆಟ್ಟದ್ದು ಇಳಿದರೆ ಅದನ್ನು ಹೊರಗೆ ತೊಳೆದು ತೆಗೆಯುವ ವಿದ್ಯೆ ಯಾರ ಬಳಿಯೂ ಇಲ್ಲ. ಊರಿನ ಕುಡಿಯುವ ನೀರೂ ಅದೇ ಬಿರುಕಿನದು.

ಇದುವರೆಗಿನ ವಾದವೆಲ್ಲ ಮನುಷ್ಯರ ಲೆಕ್ಕ. ಹಕ್ಕಿಗಳನ್ನು ಇಬ್ಬರೂ ಸಾಕ್ಷಿಗೆ ಕರೆಯುತ್ತಾರೆ, ಸಾಕ್ಷಿ ಹೇಳಲು ಬಿಡುವುದಿಲ್ಲ. "ನೋಡಿ, ಹೆಜ್ಜಾರ್ಲೆ ಬಂದಿದೆ, ನೀರು ಚೆನ್ನಾಗಿದೆ" ಎನ್ನುತ್ತಾರೆ ಒಬ್ಬರು. ಹೆಜ್ಜಾರ್ಲೆ ಮೀನಿದ್ದ ಕಡೆ ಬರುತ್ತದೆ. ಮೀನಿಗೆ ಮೇವು ಹೆಚ್ಚಾದಷ್ಟೂ ಮೀನು ಹೆಚ್ಚು, ಮೇವು ಹೆಚ್ಚುವುದು ರಂಜಕ–ಸಾರಜನಕ ಬಿದ್ದ ನೀರಿನಲ್ಲೇ. ಹೆಬ್ಬಾಳದ ಕೆರೆಯಲ್ಲೂ ಹೆಜ್ಜಾರ್ಲೆ ಇದೆ. ಇನ್ನೊಬ್ಬರು ಅಂತರಗಂಗೆ ಹಬ್ಬಿದ್ದನ್ನು ತೋರಿಸಿ ಕೆರೆ ಸತ್ತಿತು ಎನ್ನುತ್ತಾರೆ. ಅಂತರಗಂಗೆಯ ಹಾಸಿನ ಅಂಚಿನಲ್ಲೇ ಜಂಬುಕೋಳಿ ಮರಿ ಮಾಡುತ್ತದೆ. ಹಕ್ಕಿ ಬಂದದ್ದನ್ನು ಎಣಿಸುವ ನಮಗೆ ಹೋದದ್ದನ್ನು ಎಣಿಸುವ ಅಭ್ಯಾಸವಿಲ್ಲ.

ಹೋದದ್ದು ಯಾವುದು ಎನ್ನುವುದಕ್ಕೆ ಹಳೆಯ ಕೆರೆಯ ವರ್ಷವನ್ನು ನೆನೆಯಬೇಕು. ಮುಂಗಾರಿಗೆ ಒಂದಿಷ್ಟು, ಅಕ್ಟೋಬರ್‌ನ ಜಡಿಮಳೆಗೆ ಕೋಡಿ. ಸಂಕ್ರಾಂತಿಯ ಹೊತ್ತಿಗೆ ನೀರು ಒಳಕ್ಕೆ ಸರಿಯತೊಡಗುತ್ತಿತ್ತು. ಸರಿದ ನೀರಿನ ಅಂಚಿನಲ್ಲಿ ಮೊಳಕಾಲು ಮುಳುಗದ ಕೆಸರು. ಆ ಕೆಸರೇ ಉದ್ದಗಾಲಿನ ಮೆಟ್ಟುಗಾಲು ಹಕ್ಕಿಗೆ, ಉತ್ತರದ ಚಳಿ ತಾಳದೆ ಬಂದ ಗೊರವಗಳಿಗೆ, ಚಮಚದ ಕೊಕ್ಕಿನವಕ್ಕೆ ಹಾಸಿದ ಎಲೆ. ಶಿವರಾತ್ರಿ ಕಳೆದಂತೆ ಅಂಗಳ ಬಿರಿಯುತ್ತಿತ್ತು. ಬಿರಿದ ನೆಲದಲ್ಲಿ ಹಸಿರು ಗರಿಕೆ, ಅದಕ್ಕೆ ಕುರಿ ಮೇಕೆ. ಕಲ್ಲುಗಳ ನಡುವೆ ಕಲ್ಲಿನಂಥ ಮೊಟ್ಟೆಯಿಟ್ಟು ಹತ್ತಿರ ಹೋದವರ ತಲೆ ಮೇಲೆ ಕಿರುಚುವ ಟಿಟ್ಟಿಭ. ಯುಗಾದಿ ಆದಮೇಲೆ ಗಾಡಿ ಕಟ್ಟಿಕೊಂಡು ಹೋಗಿ ಗೋಡು ಹೊಡೆಯುವುದು. ಕೆರೆಯ ಹೂಳೇ ಹೊಲದ ಗೊಬ್ಬರ. ಕೊನೆಗೆ ಉಳಿದ ಗುಂಡಿಯಲ್ಲಿ ಊರೆಲ್ಲ ಇಳಿದು ಮೀನು ಹಿಡಿಯುವ ಒಂದು ದಿನ. ಕೊರಮೀನು ಕೆಸರಿನಡಿ ಅವಿತು ಮುಂದಿನ ಮಳೆಗೆ ಕಾಯುತ್ತಿತ್ತು. ಒಣಗುವುದು ಕೆರೆಯ ಕಾಯಿಲೆಯಾಗಿರಲಿಲ್ಲ, ಅದರ ನಿದ್ದೆಯಾಗಿತ್ತು.

ನೀರು ಏರಿ ಇಳಿಯುವ ಈ ಆಟವನ್ನೇ ದೊಡ್ಡದಾಗಿ, ಭೀಕರವಾಗಿ ನೋಡಬೇಕೆಂದರೆ ಅಸ್ಸಾಮಿನ ಕಾಜಿರಂಗಕ್ಕೆ ಹೋಗಬೇಕು. ಬ್ರಹ್ಮಪುತ್ರದ ದಕ್ಷಿಣ ದಡದ ಆ ಬಯಲು 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪಾರಂಪರಿಕ ತಾಣ. 2022ರ ಎಣಿಕೆಯಲ್ಲಿ ಅಲ್ಲಿ 2,613 ಘೇಂಡಾಮೃಗಗಳಿದ್ದವು. ನೆರೆ ಬಂದಾಗ ಜಿಂಕೆಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಗುಡ್ಡಗಳಿಗೆ ಓಡುತ್ತವೆ. ಓಡಲಾಗದವು ಮುಳುಗುತ್ತವೆ, ಕೆಲವು ಲಾರಿಗೆ ಸಿಗುತ್ತವೆ. 2017ರ ನೆರೆಯಲ್ಲಿ ಸತ್ತ ಪ್ರಾಣಿಗಳು ಮುನ್ನೂರಕ್ಕೂ ಮಿಕ್ಕಿ. ಹಾಗಿದ್ದೂ ಅಲ್ಲಿನ ಕಾಡು ಬಲ್ಲವರು ನೆರೆಯೇ ಬೇಡ ಅನ್ನುವುದಿಲ್ಲ. ನೆರೆ ಬಂದರೇನೇ ಅಲ್ಲಿನ ಬೀಲ್‌ಗಳಲ್ಲಿ, ಅಂದರೆ ತಗ್ಗಿನ ಕೊಳಗಳಲ್ಲಿ, ತುಂಬಿಕೊಂಡ ಅಂತರಗಂಗೆ ತೊಳೆದುಹೋಗುವುದು, ಹೊಸ ಮೆಕ್ಕಲು ಬೀಳುವುದು, ಹೊಳೆಯ ಮೀನು ಒಳಗೆ ಬರುವುದು. ನೆರೆ ನಿಂತರೆ ಆನೆಹುಲ್ಲಿನ ಬಯಲಿಗೆ ಮರಗಳು ಹತ್ತಿ, ಹುಲ್ಲು ನಂಬಿದ ಘೇಂಡಾಮೃಗಕ್ಕೆ ಮೇವು ತಪ್ಪುತ್ತದೆ. ಹಾಗಾಗಿ ಅವರ ಜಗಳವಿರುವುದು ನೆರೆ ಬರಬೇಕೇ ಎನ್ನುವುದರ ಮೇಲಲ್ಲ. ಬಂದಾಗ ಓಡಲು ದಾರಿ, ಹತ್ತಿ ನಿಲ್ಲಲು ದಿಬ್ಬ ಇದೆಯೇ ಎನ್ನುವುದರ ಮೇಲೆ.

ನಮ್ಮ ಬಯಲುಸೀಮೆಗೆ ಅಂಥ ನದಿಯಿಲ್ಲ. ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಕೆರೆಗಳನ್ನು ಪೋಣಿಸಿ, ಕೈಯಿಂದಲೇ ಒಂದು ನೆರೆಬಯಲನ್ನು ಮಾಡಿಕೊಂಡರು. ಕಾಜಿರಂಗದಲ್ಲಿ ನೆರೆ ಮಾಡುವ ಕೆಲಸವನ್ನು ಇಲ್ಲಿ ಬೇಸಿಗೆ ಮಾಡುತ್ತಿತ್ತು. ಕೊಳೆ ಒಣಗಿಸಿ ಸುಡುವುದು, ಕಳೆ ಸಾಯಿಸುವುದು, ಹೂಳು ಹೊರಹಾಕಿಸುವುದು, ಎಲ್ಲವೂ ಬಿಸಿಲಿನದೇ. ಈಗ ಆ ಬೇಸಿಗೆಯನ್ನೇ ಪೈಪು ಮುಚ್ಚಿದೆ. ಬಂದದ್ದು ಆಳ ನೀರಿನ ಹಕ್ಕಿ, ಹೋದದ್ದು ಕೆಸರಂಚಿನ ಹಕ್ಕಿ. ನಿಷೇಧವಿದ್ದರೂ ಯಾರೋ ತಂದು ಬಿಡುವ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಇದು ಹಬ್ಬ. ಬತ್ತದ ಕೆರೆಯಿಂದ ಅದನ್ನು ಪೂರ್ತಿ ಹಿಡಿದು ತೆಗೆಯುವುದು ಯಾರ ಕೈಲೂ ಆಗದು. ಇನ್ನೊಂದು, ಮನುಷ್ಯರದೇ ವಿಷಯ. 2021ರ ನವೆಂಬರ್‌ನಲ್ಲಿ ಮಳೆ ಹುಚ್ಚೆದ್ದು ಹೊಯ್ದಾಗ ಜಿಲ್ಲೆಯ ಕೆರೆಗಳು ಕೋಡಿ ಒಡೆದುಕೊಂಡು ಹರಿದವು, ಉತ್ತರ ಪಿನಾಕಿನಿ ಗೌರಿಬಿದನೂರಿನಲ್ಲಿ ದಡ ಮೀರಿತು. ಅಂಥ ಮಳೆಗೆ ಖಾಲಿ ಕೆರೆಯೂ ಸಾಲುವುದಿಲ್ಲ, ನಿಜ. ಆದರೆ ಮೊದಲೇ ಕಂಠಮಟ್ಟ ತುಂಬಿಸಿಟ್ಟ ಕೆರೆಯಲ್ಲಿ ಮಳೆಗೆ ಜಾಗವೆಲ್ಲಿ?

ಇಷ್ಟೆಲ್ಲ ಹೇಳಿ ನಾನು ನೀರು ನಿಲ್ಲಿಸಿ ಎನ್ನುವವರ ಕಡೆ ಸೇರಲಾರೆ. ಕೆಸರಂಚಿನ ಹಕ್ಕಿಗಾಗಿ ಸಾವಿರದೈನೂರು ಅಡಿಯ ಫ್ಲೋರೈಡ್ ನೀರು ಕುಡಿಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೋರ್ ಫೇಲಾದ ರಾತ್ರಿ ಒಂದು ಮನೆ ಹೇಗಿರುತ್ತದೆ ಎಂದು ನೋಡಿದ್ದೇನೆ. ಹಾಗಂತ "ಬಂದ ನೀರಿಗೆ ಹೆಸರಿಡಬೇಡಿ" ಎನ್ನುವ ರಾಜಕೀಯದ ಮಾತೂ ಗಂಟಲಲ್ಲಿ ಇಳಿಯುವುದಿಲ್ಲ. ಮೂರನೇ ಹಂತದ ಖರ್ಚು ದೊಡ್ಡದು ಎನ್ನುತ್ತಾರೆ. ನೀರನ್ನು ಹೊಲಸು ಮಾಡಿದ ನಗರಕ್ಕೆ ಆ ಖರ್ಚು ಹೊರೆಯಾದರೆ, ಅದನ್ನು ಇಂಗಿಸಿಕೊಳ್ಳುವ ಹಳ್ಳಿಗೆ ಹೊರೆಯಾಗುವುದಿಲ್ಲವೇ? ಈ ನೀರಲ್ಲಿ ಬೆಳೆದ ಸೊಪ್ಪು, ಕೊತ್ತಂಬರಿ ಬೆಳಗಿನ ಜಾವ ಟೆಂಪೋ ಹತ್ತಿ ಬೆಂಗಳೂರಿಗೇ ಹೋಗುತ್ತದೆ ಎಂಬುದನ್ನಾದರೂ ಅಲ್ಲಿನವರು ನೆನೆದರೆ ಸಾಕು. ಜೊತೆಗೆ ನನ್ನದೊಂದು ಸಣ್ಣ ಹಟ: 65 ಕೆರೆಗಳಲ್ಲಿ ಎಲ್ಲವೂ ಎಲ್ಲ ಕಾಲಕ್ಕೂ ತುಂಬಿರಬೇಕಿಲ್ಲ. ಸರದಿ ಹಾಕಿ, ವರ್ಷಕ್ಕೆ ಕೆಲವಕ್ಕಾದರೂ ಮಾರ್ಚ್‌ನಿಂದ ಮೇವರೆಗೆ ಪೈಪು ಮುಚ್ಚಬಹುದು. ಅಂಗಳ ಒಣಗಲಿ, ಗೋಡು ಹೊಲಕ್ಕೆ ಹೋಗಲಿ. ರೈತರೇ ಇದನ್ನು ಒಪ್ಪಲಿಕ್ಕಿಲ್ಲ. ತಮ್ಮೂರಿನ ಸರದಿ ಬಂದಾಗ ಯಾರು ತಾನೇ ಒಪ್ಪುತ್ತಾರೆ? ತೂಬಿನ ಬೀಗದ ಕೈ ನೀರುಗಂಟಿಯ ಸೊಂಟದಲ್ಲಿದ್ದ ಕಾಲದಲ್ಲಿ ಈ ಜಗಳ ಊರೊಳಗೇ ತೀರುತ್ತಿತ್ತು. ಈಗ ಕೈ ಇರುವುದು ಪಂಪ್‌ಹೌಸಿನಲ್ಲಿ.

ಮಾವ ಏರಿ ಇಳಿದು ನೀರಿನಂಚಿಗೆ ಹೋದರು. ಕೋಲಿನಿಂದ ಅಂತರಗಂಗೆ ಸರಿಸಿ, ಒಂದು ಹಿಡಿ ಕೆಸರು ಎತ್ತಿ ಮೂಗಿನ ಹತ್ತಿರ ಹಿಡಿದರು. ಏನೂ ಹೇಳದೆ ಬಿಸಾಕಿ, ಕೈಯನ್ನು ಆ ನೀರಲ್ಲೇ ತೊಳೆಯಲು ಬಗ್ಗಿದವರು ತಡೆದು, ಪಂಚೆಗೆ ಒರೆಸಿಕೊಂಡರು. ಆಚೆ ದಡದಲ್ಲಿ ಗಾಳ ಹಾಕಿ ಕೂತಿದ್ದ ಹುಡುಗನೊಬ್ಬ ನಮ್ಮನ್ನು ಇಲಾಖೆಯವರು ಅಂದುಕೊಂಡನೋ ಏನೋ, ಎದ್ದು ನಿಂತ.

"ಗೋಡು ಹೊಡೆಯಾಕೆ ಈ ವರ್ಷ ಆದ್ರೂ ನೀರು ಇಳಿತದೇನಪ್ಪ?" ಎಂದು ಮಾವ ಕೂಗಿ ಕೇಳಿದರು.

ಹುಡುಗ ನಕ್ಕ. "ಎಲ್ಲಿ ಇಳಿತದೆ ತಾತ? ಬೆಂಗಳೂರಿನೋರು ಸ್ನಾನ ಮಾಡೋದು ಬಿಟ್ರೆ ಇಳಿದಾತು."